ಕುತ್ತಿಗೆ ಕೂದಲಿನ ಕಾಟ

ಪ್ರಶ್ನೆ: ಸೇಫ್ಟಿ ರೇಜರ್ ಬಳಸಿದರೆ ಕುತ್ತಿಗೆ ಉರಿದು ಕೆಂಪು ಗುಳ್ಳೆ ಏಳುತ್ತವೆ. ಗಂಟಲಮಣಿ ಬಳಿ ಕೂದಲೂ ಉಳಿಯುತ್ತದೆ. ಏನು ಮಾಡಲಿ?
– ಓದುಗ, ವಿಜಯಪುರ

ಉತ್ತರ: ಕುತ್ತಿಗೆಯಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. 2 ದಿನ ಬೋಳಿಸದೆ ಬಿಟ್ಟು ಬೆರಳಾಡಿಸಿ. ನುಣುಪಾಗಿ ಸರಿಯುವ ಕಡೆಗೇ ಬ್ಲೇಡು ಹೋಗಬೇಕು. ಎರಡನೇ ಸುತ್ತಿಗೆ ಮತ್ತೆ ನೊರೆ ಹಚ್ಚಿ ಅಡ್ಡಡ್ಡ ಎಳೆಯಿರಿ. ಉಲ್ಟಾ ಬೇಡವೇ ಬೇಡ: ತೀರಾ ಬುಡಕ್ಕೆ ಕತ್ತರಿಸಿದ ಕೂದಲು ಚರ್ಮದೊಳಗೇ ಸುರುಳಿಯಾಗಿ ಚುಚ್ಚುತ್ತದೆ, ಗುಳ್ಳೆ ಏಳುವುದು ಅದರಿಂದಲೇ. ರೇಜರನ್ನು ಒತ್ತಬೇಡಿ, ಅದರ ಭಾರವೇ ಸಾಕು. ಗಂಟಲಮಣಿ ಮೇಲಿನ ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು ಬೋಳಿಸಿ. ಬೋರಿನ ಗಡಸು ನೀರಾದರೆ ನೊರೆ ಕಟ್ಟದು. ಕಾಯಿಸಿದ ಫಿಲ್ಟರ್ ನೀರು 1 ಲೋಟ ಇಟ್ಟುಕೊಳ್ಳಿ. ಬ್ಲೇಡನ್ನು 4–5 ಸಲಕ್ಕೆ ಬದಲಿಸಿ. ಕೊನೆಗೆ ಪಟಿಕ ತಿಕ್ಕುವ ಚಟ ಇದ್ದರೆ ಬಿಡಿ, ನಿಮ್ಮಂಥ ಚರ್ಮವನ್ನು ಅದು ಒಣಗಿಸುತ್ತದೆ. ಕೀವು ತುಂಬಿದರೆ ಬೋಳಿಸುವುದನ್ನು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ.