ಪೆನ್‌ಡ್ರೈವ್ ಬೂಟ್ ಇಷ್ಟು ನಿಧಾನ ಯಾಕೆ?

ಪ್ರಶ್ನೆ: ಹಳೇ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದರೆ ಪರದೆ ಮೇಲೆ ಚುಕ್ಕಿಗಳು ಒಂದೊಂದಾಗಿ ಬರುತ್ತಾ ಎರಡು ನಿಮಿಷ ಹಿಡಿಯುತ್ತದೆ. ಆಮೇಲೆ ಸರಾಗ. ಪೆನ್‌ಡ್ರೈವ್ ಕೆಟ್ಟಿದೆಯಾ ಸರ್?

ಉತ್ತರ: ಇಲ್ಲ, ಸುಮ್ನೆ ಬಿಸಾಡಬೇಡಿ. ಆಮೇಲೆ ಸರಾಗ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಕರ್ನೆಲ್ (ಲಿನಕ್ಸ್‌ನ ತಿರುಳು) ಮೆಮೊರಿಗೆ ಬರುವವರೆಗೆ ಪೆನ್‌ಡ್ರೈವ್ ಓದುವುದು ಬಯಾಸ್, ಅಂದರೆ ಕಂಪ್ಯೂಟರ್ ಆನ್ ಮಾಡಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ. ಅದರೊಳಗಿನ ಡ್ರೈವರ್ (ಯುಎಸ್‌ಬಿಯನ್ನು ನಡೆಸುವ ತಂತ್ರಾಂಶ) ಹಳೆಯದಾದರೆ ಯುಎಸ್‌ಬಿ 1.1ರ ವೇಗದಲ್ಲೇ, ಅಂದರೆ ಸೆಕೆಂಡಿಗೆ 12 ಮೆಗಾಬಿಟ್‌ನಲ್ಲಿ ತೆವಳುತ್ತದೆ. ಕರ್ನೆಲ್ ತನ್ನದೇ ಡ್ರೈವರ್ ಹಾಕಿಕೊಂಡ ಮೇಲೆ ಯುಎಸ್‌ಬಿ 2.0ರ ವೇಗ, ಸೆಕೆಂಡಿಗೆ 480 ಮೆಗಾಬಿಟ್. ಬಯಾಸ್‌ಗೆ ಹೋಗಿ 'ಯುಎಸ್‌ಬಿ 2.0 ಕಂಟ್ರೋಲರ್ ಮೋಡ್' ಇದೆಯಾ ನೋಡಿ. 'ಫುಲ್‌ಸ್ಪೀಡ್' ಅಂತಿದ್ದರೆ 'ಹೈಸ್ಪೀಡ್' ಮಾಡಿ. ಫುಲ್ ಅಂದರೆ ಜಾಸ್ತಿ ಅಂತಲೇ ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ಆ 12 ಮೆಗಾಬಿಟ್! ಒಂದು ಪೋರ್ಟನ್ನು ಹಲವಾಗಿಸುವ ಯುಎಸ್‌ಬಿ ಹಬ್ ಬಳಸುತ್ತಿದ್ದರೆ ಅದನ್ನೂ ತೆಗೆದು, ನೇರ ಹಿಂದಿನ ಪೋರ್ಟಿಗೆ ಹಾಕಿ ನೋಡಿ.