ಗೊತ್ತಿದೆ ಮೇಡಂ, ಆದರೆ ಹೇಳಿ ಆದಮೇಲೆ ನೆನಪಾಗುತ್ತೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದೆ.)

ಒಂಬತ್ತನೇ ತರಗತಿಯ ಹುಡುಗ, ವಯಸ್ಸು 14. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಆತುರ, ಚಡಪಡಿಕೆ ಕಾಣುವ ಸ್ಥಿತಿ) ಇದೆ ಎಂದು ಮನೋವೈದ್ಯರು ಮೊದಲೇ ಹೇಳಿದ್ದರು. ಮಾತ್ರೆ ನಡೆಯುತ್ತಿತ್ತು, ಮಾರ್ಕ್ಸ್ ಕೂಡ ಪರವಾಗಿಲ್ಲ. ತಾಯಿ ನನ್ನ ಹತ್ತಿರ ಬಂದಿದ್ದು ಬೇರೆ ಕಾರಣಕ್ಕೆ. "ಇವನಿಗೆ ಒಬ್ಬನೇ ಒಬ್ಬ ಫ್ರೆಂಡ್ ಇಲ್ಲ ಮೇಡಂ. ಕ್ಲಾಸಿನ ವಾಟ್ಸಾಪ್ ಗ್ರೂಪಿನಿಂದಲೂ ತೆಗೆದುಹಾಕಿದ್ದಾರೆ. ಮಧ್ಯೆ ಬಾಯಿ ಹಾಕಬೇಡ ಅಂತ ದಿನಾ ಹೇಳ್ತೀನಿ, ತಲೆಗೇ ಹೋಗಲ್ಲ."

ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಕೇಳಿದೆ: ಇಬ್ಬರು ಮಾತಾಡುತ್ತಿರುವಾಗ ನಿನಗೂ ಏನೋ ಹೇಳಬೇಕು ಅನ್ನಿಸಿದರೆ ಏನು ಮಾಡಬೇಕು? ಪಾಠ ಒಪ್ಪಿಸಿದ ಹಾಗೆ ಹೇಳಿದ. ಅವರು ನಿಲ್ಲಿಸುವವರೆಗೆ ಕಾಯಬೇಕು, ಅದೇ ವಿಷಯ ಮಾತಾಡಬೇಕು, ಗೇಮ್ ಬಗ್ಗೆ ಕೊರೆಯಬಾರದು. ಒಂದೂ ತಪ್ಪಿಲ್ಲ. ಆಮೇಲೆ ತಾನಾಗಿಯೇ ಹೇಳಿದ: "ಎಲ್ಲ ಗೊತ್ತು ಮೇಡಂ. ಆದರೆ ಹೇಳಿ ಆದಮೇಲೆ ನೆನಪಾಗುತ್ತೆ."

ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿತ್ತು. ಎಡಿಎಚ್‌ಡಿಯಲ್ಲಿ ತೊಡಕಿರುವುದು ತಿಳಿವಳಿಕೆಯಲ್ಲಲ್ಲ, ತಿಳಿದದ್ದನ್ನು ಆ ಕ್ಷಣದಲ್ಲಿ ಮಾಡುವುದರಲ್ಲಿ. ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಬಹಳ ಕಾಲದಿಂದ ಹೇಳುತ್ತಿರುವುದೂ ಇದನ್ನೇ: ನೆರವು ಸಿಗಬೇಕಾದದ್ದು ಎಡವುವ ಜಾಗದಲ್ಲಿ, ಎಡವುವ ಹೊತ್ತಿನಲ್ಲಿ. ಬೇರೆಯವರ ಜೊತೆ ಬೆರೆಯುವುದನ್ನು ಕ್ಲಿನಿಕ್ಕಿನ ಕೋಣೆಯಲ್ಲಿ ಕೂರಿಸಿ ಹೇಳಿಕೊಡುವ ತರಬೇತಿಯ ಮೇಲೆ ನನಗೂ ಅಷ್ಟಾಗಿ ನಂಬಿಕೆಯಿಲ್ಲ. ಇಂಥ ತರಬೇತಿಗಳ ಕುರಿತ 25 ಪ್ರಯೋಗಗಳನ್ನು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆ 2019ರಲ್ಲಿ ಪರಿಶೀಲಿಸಿತು. ಶಿಕ್ಷಕರ ಕಣ್ಣಿಗೆ ಬೀಳುವಂಥ ಬದಲಾವಣೆ ಹೆಚ್ಚೇನೂ ಕಾಣಲಿಲ್ಲ.

ಅವನು ಯಾಕೆ ಮಧ್ಯೆ ನುಗ್ಗುತ್ತಾನೆ ಎಂಬುದೂ ಮಾತಾಡುತ್ತ ತಿಳಿಯಿತು. ಕಾದರೆ ಹೇಳಬೇಕಾದದ್ದೇ ಮರೆತುಹೋಗುತ್ತದೆ ಎಂಬ ಭಯ. ಸೊಕ್ಕಲ್ಲ, ಅಸಡ್ಡೆಯಲ್ಲ. ಗುಂಪಿನಲ್ಲಂತೂ ಯಾರ ಸರದಿ, ಯಾರ ಮುಖದಲ್ಲಿ ಬೇಸರ, ಯಾವ ಜೋಕಿಗೆ ನಗು, ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು. ಒಂದು ಗಳಿಗೆ ಗಮನ ಜಾರಿದರೆ ಮಾತು ಎಲ್ಲೋ ಹೋಗಿರುತ್ತದೆ.

ಹಾಗಾಗಿ ಗುಂಪನ್ನು ಸದ್ಯಕ್ಕೆ ಬಿಡಿ ಎಂದೆ. ಒಬ್ಬ ಸ್ನೇಹಿತ ಸಾಕು. ತಾಯಿಗೆ ಇದು ಹಿಡಿಸಲಿಲ್ಲ. ಗ್ರೂಪ್ ಅಡ್ಮಿನ್ ಹುಡುಗನ ತಾಯಿಗೆ ಫೋನ್ ಮಾಡುವ ಯೋಚನೆಯಲ್ಲಿದ್ದರು. ಬೇಡವೇ ಬೇಡ ಅಂದೆ. ಹದಿನಾಲ್ಕರ ಹುಡುಗನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಆದರೆ ಯಾರಾದರೂ ಹೊಡೆಯುವುದು, ಹೆದರಿಸುವುದು ನಡೆಯುತ್ತಿದೆಯಾ ಎಂದು ಮಾತ್ರ ವಿಚಾರಿಸಿದೆ. ನಿದ್ದೆ, ಊಟ, ಮನಸ್ಸಿನ ಸ್ಥಿತಿಯ ಬಗ್ಗೆಯೂ ಕೇಳಿದೆ. ಒಂಟಿಯಾದ ಮಕ್ಕಳು ಖಿನ್ನತೆಗೆ ಜಾರುವುದುಂಟು. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಚಿತ್ರ ಬಿಡಿಸುವ ಇನ್ನೊಬ್ಬ ಹುಡುಗನ ಹೆಸರು ಅವನ ಬಾಯಲ್ಲಿ ಆಗಾಗ ಬರುತ್ತಿತ್ತು. ಅವನನ್ನೇ ಮನೆಗೆ ಕರೆಯಲಿ ಎಂದೆ. ಕರೆಯುವುದು ಇವನೇ. ಅಪ್ಪ ಅಮ್ಮನ ಕೆಲಸ ಕರೆದುಕೊಂಡು ಬರುವುದು, ಬಿಟ್ಟು ಬರುವುದು, ಅಷ್ಟೇ. ಸುಮ್ನೆ ಹರಟುವುದಕ್ಕಲ್ಲ, ಇಬ್ಬರ ಕೈಗೂ ಕೆಲಸ ಇರಬೇಕು. ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸಬೇಕು. ದಣಿದ ಮೇಲೆಯೇ ಕೆಲಸ ಕೆಡುವುದು.

ಗೆಳೆಯ ಬರುವ ಮುಂಚೆ ಐದು ನಿಮಿಷ ಮಾತು, ಅದೂ ಒಂದೇ ವಿಷಯ: ನಿನ್ನ ಕತೆ ಶುರು ಮಾಡುವ ಮುಂಚೆ ಅವನ ಮಾತಿನ ಬಗ್ಗೆ ಒಂದು ಪ್ರಶ್ನೆ ಕೇಳು. ಪಕ್ಕದಲ್ಲಿ ಹೇಗೂ ಕಾಗದ, ಪೆನ್ಸಿಲ್ ಇರುತ್ತೆ. ಹೇಳಬೇಕಾದದ್ದನ್ನು ಒಂದೇ ಪದದಲ್ಲಿ ಗೀಚಿಟ್ಟುಕೊಂಡರೆ ಮರೆಯುವ ಭಯ ಹೋಗುತ್ತದೆ. ತಾಯಿ ಆ ಕಡೆ ಹಾದುಹೋಗುವಾಗ ಮೇಜನ್ನು ಮೆಲ್ಲಗೆ ತಟ್ಟಿದರೆ "ಪ್ರಶ್ನೆ ಕೇಳು" ಎಂದರ್ಥ. ಆ ಗುರುತನ್ನು ಆರಿಸಿದವನು ಅವನೇ. ಗೆಳೆಯನ ಮುಂದೆ ತಿದ್ದುವಂತಿಲ್ಲ.

ಇದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದು ತಪ್ಪಾದಮೇಲಿನ ಮಾತಿಗೆ. ಅವನು ಇನ್ನೂ ಮಧ್ಯೆ ಬಾಯಿ ಹಾಕುತ್ತಾನೆ, ಅದು ಖಂಡಿತ. "ಸಾರಿ, ಮಧ್ಯೆ ಬಂದೆ. ನೀನು ಹೇಳು." ಇಷ್ಟೇ. ಮೊದಲೆಲ್ಲ ಅವನು ಕ್ಷಮೆ ಕೇಳಲು ಶುರು ಮಾಡಿದರೆ ಹತ್ತು ಮೆಸೇಜ್ ಹೋಗುತ್ತಿತ್ತು. ಗ್ರೂಪಿನವರಿಗೆ ಬೇಸರ ಬಂದಿದ್ದೂ ಅದಕ್ಕೇ ಇರಬೇಕು. ಉತ್ತರ ಬರುವ ತನಕ ಮೂರನೇ ಮೆಸೇಜ್ ಇಲ್ಲ ಎಂದು ಒಪ್ಪಂದವಾಯಿತು.

ಮೆಸೇಜುಗಳ ಸುರಿಮಳೆ ರಾತ್ರಿಯೇ ಆಗುತ್ತಿತ್ತು. ಬೆಳಗಿನ ಮಾತ್ರೆಯ ಪ್ರಭಾವ ಅಷ್ಟು ಹೊತ್ತಿಗೆ ಇಳಿದಿರಬಹುದು. ಇದನ್ನು ಮನೋವೈದ್ಯರಿಗೆ ತಿಳಿಸಿ, ನೀವಾಗಿಯೇ ಡೋಸ್ ಬದಲಿಸಬೇಡಿ ಎಂದೆ.

ತಂದೆ ಅಷ್ಟು ಹೊತ್ತೂ ಸುಮ್ಮನಿದ್ದವರು, "ನಾನೂ ಹೀಗೇ ಇದ್ದೆ, ಸರಿಹೋದೆ" ಅಂದರು. ಎಡಿಎಚ್‌ಡಿ ವಂಶದಲ್ಲಿ ಬರುವುದು ತೀರಾ ಸಾಮಾನ್ಯ, ಹಾಗಾಗಿ ಅಚ್ಚರಿಯಾಗಲಿಲ್ಲ. ಸರಿಹೋಗುವ ಮುಂಚಿನ ಕತೆಯನ್ನೂ ಮಗನಿಗೆ ಹೇಳಿ ಎಂದೆ. ನನ್ನ ಸಲಹೆಗಳಿಗಿಂತ ಹುಡುಗನಿಗೆ ಅದೇ ಜಾಸ್ತಿ ಇಷ್ಟವಾಯಿತಂತೆ.

ಈಗ ಚಿತ್ರದ ಗೆಳೆಯ ಆಗಾಗ ಬರುತ್ತಾನೆ, ಒಮ್ಮೆ ಇವನನ್ನೂ ಮನೆಗೆ ಕರೆದ. ಕ್ಲಾಸಿನ ಗ್ರೂಪಿಗೆ ಮತ್ತೆ ಸೇರಿಸಿಲ್ಲ. ಅಲ್ಲಿ ಅಂಟಿದ ಹೆಸರು ಬೇಗ ಅಳಿಸುವಂಥದ್ದಲ್ಲ. ಅದಕ್ಕೇ ಇವನ ಹಳೆಯದೇನೂ ಗೊತ್ತಿಲ್ಲದ ಮಕ್ಕಳಿರುವ ಚಿತ್ರಕಲೆಯ ಸಣ್ಣ ತರಗತಿಗೆ ಸೇರಿಸಿ ಎಂದಿದ್ದೇನೆ. ಮುಂದಿನ ತಿಂಗಳು ಶುರು.