ಇಸ್ಲಾಮಿನಲ್ಲಿ ಕಥೆ, ಕಾದಂಬರಿ ಓದುವುದು, ಬರೆಯುವುದು ತಪ್ಪಾ?

ಕಥೆ ಅಂದ್ರೆ ಸುಳ್ಳು, ಸುಳ್ಳು ಹರಾಮ್ (ಧರ್ಮದಲ್ಲಿ ನಿಷಿದ್ಧ), ಹಾಗಾದ್ರೆ ಕಾದಂಬರಿಯೂ ಹರಾಮಾ ಅನ್ನೋದು ನಿಮ್ಮ ಪ್ರಶ್ನೆ. ಬೇಡ ಅನ್ನುವ ಕಟ್ಟುನಿಟ್ಟಿನ ವಿದ್ವಾಂಸರು ಇದ್ದಾರೆ. ಆದರೆ ಒಪ್ಪುವವರ ವಾದ ಸರಳ: ಸುಳ್ಳು ಅಂದರೆ ಮೋಸ. ಇದು ಕಟ್ಟುಕಥೆ ಅಂತ ಓದುಗನಿಗೆ ಗೊತ್ತಿರುವಾಗ ಮೋಸ ಎಲ್ಲಿಂದ ಬಂತು?

ವಿರೋಧಿಸುವವರು ಕುರಾನಿನ ಲುಕ್ಮಾನ್ ಅಧ್ಯಾಯದ 6ನೇ ವಚನ ತೋರಿಸುತ್ತಾರೆ. ಜನರನ್ನು ದಾರಿ ತಪ್ಪಿಸಲು ಪೊಳ್ಳು ಮಾತು ಕೊಳ್ಳುವವರನ್ನು ಅದು ಖಂಡಿಸುತ್ತದೆ. ನನಗನಿಸುವಂತೆ, ಅಲ್ಲಿ ತಪ್ಪು ಇರೋದು ಉದ್ದೇಶದಲ್ಲಿ, ಕಥೆಯಲ್ಲಲ್ಲ.

ಈ ಜಗಳ ಹೊಸದೇನಲ್ಲ. ಇರಾಕಿನ ಬಸ್ರಾದ ಅರಬ್ಬಿ ಲೇಖಕ ಅಲ್-ಹರೀರಿ (1054–1122) ಬರೆದ 'ಮಕಾಮಾತ್' ಅನ್ನುವ ಕಥೆಗಳ ಪುಸ್ತಕ ನೋಡಿ. ಮೊದಲ ಕಥೆಯಲ್ಲೇ ಒಬ್ಬ ಮುದುಕ ಸಾವಿನ ಬಗ್ಗೆ ಉಪದೇಶ ಮಾಡಿ ಜನರನ್ನು ಅಳಿಸುತ್ತಾನೆ, ದುಡ್ಡು ಎತ್ತುತ್ತಾನೆ. ನಿರೂಪಕ ಸುಮ್ನೆ ಹಿಂಬಾಲಿಸಿ ಹೋದರೆ, ಗುಹೆಯೊಳಗೆ ಈ ಮಹಾಶಯ ಆಡಿನ ಮರಿಯ ಸುಟ್ಟ ಮಾಂಸ, ಪಕ್ಕದಲ್ಲಿ ಮದ್ಯದ ಗಡಿಗೆ ಇಟ್ಟುಕೊಂಡು ಕೂತಿದ್ದಾನೆ! ಇಂಥದ್ದು ಬರೆದಿದ್ದಕ್ಕೆ ಬೈಗುಳ ಬರುತ್ತೆ ಅಂತ ಹರೀರಿಗೆ ಗೊತ್ತಿತ್ತು. ಮುನ್ನುಡಿಯಲ್ಲೇ ಉತ್ತರ ಕೊಟ್ಟ: ಪ್ರಾಣಿಗಳು ಮಾತಾಡುವ ಕಥೆಗಳನ್ನು ಯಾರೂ ಪಾಪ ಅಂದಿಲ್ಲ, ಕೆಲಸದ ಬೆಲೆ ಅದರ ಉದ್ದೇಶದಲ್ಲಿದೆ.

ಒಪ್ಪುವವರೂ ಗೆರೆ ಹಾಕುತ್ತಾರೆ. ಅಶ್ಲೀಲ ಬೇಡ, ಧರ್ಮನಿಂದೆ ಬೇಡ, ಪ್ರವಾದಿಯ ಹೆಸರಲ್ಲಿ ಇಲ್ಲದ್ದನ್ನು ಹೇಳಬಾರದು, ಓದ್ತಾ ನಮಾಜ್ ತಪ್ಪಬಾರದು.

ಅಂದಹಾಗೆ, ಅರಬ್ಬರ ಪ್ರಸಿದ್ಧ ಪ್ರಾಣಿ ಕಥೆಗಳು 'ಕಲೀಲಾ ವ ದಿಮ್ನಾ' ಮೂಲದಲ್ಲಿ ನಮ್ಮ ಪಂಚತಂತ್ರವೇ. ಕರಟಕ, ದಮನಕ ಅನ್ನುವ ಆ ಎರಡು ನರಿಗಳ ಹೆಸರೇ ಅಲ್ಲಿ ಕಲೀಲಾ, ದಿಮ್ನಾ ಅಂತಾಗಿದೆ.